ರಿಫೈನರಿಯ ಪೈಪಿಂಗ್‌ನಿಂದ ಯುದ್ಧನೌಕೆಯ ಪೈಪಿಂಗ್‌ಗೆ: ಏನು ಬದಲಾಗುತ್ತದೆ?

ಪ್ರಶ್ನೆ: ರಿಫೈನರಿ ಯೋಜನೆಗಳಲ್ಲಿ ಐದು ವರ್ಷ ಪೈಪಿಂಗ್ ಡಿಸೈನ್ ಮತ್ತು ಸ್ಟ್ರೆಸ್ ಅನಾಲಿಸಿಸ್ ಮಾಡಿದ್ದೇನೆ. ಈಗ ಯುದ್ಧನೌಕೆ ಕಟ್ಟುವ ಶಿಪ್‌ಯಾರ್ಡೊಂದರಲ್ಲಿ ಪೈಪಿಂಗ್ ಎಂಜಿನಿಯರ್ ಕೆಲಸ ಸಿಗುವ ಹಂತದಲ್ಲಿದೆ. ಪೈಪು ಎಲ್ಲಿದ್ದರೂ ಪೈಪೇ ತಾನೆ? ಹೊಸದಾಗಿ ಕಲಿಯಬೇಕಾದ್ದು ಏನು, ನನ್ನಂಥವರು ಎಡವುವುದು ಎಲ್ಲಿ, ಈಗಿನ ಅನುಭವದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ?

ಉತ್ತರ: ಪೈಪು ಪೈಪೇ, ಅದರಲ್ಲಿ ಅನುಮಾನವಿಲ್ಲ. ಗೋಡೆಯ ದಪ್ಪದ ಲೆಕ್ಕ, ಫ್ಲೇಂಜ್ ರೇಟಿಂಗ್, ವೆಲ್ಡಿಂಗ್ ಪ್ರೊಸೀಜರ್, ಐಸೊಮೆಟ್ರಿಕ್ (ಪೈಪಿನ ಮೂರು ಆಯಾಮದ ನಕ್ಷೆ) ಓದುವ ಕಣ್ಣು, ಇವೆಲ್ಲ ನಿಮ್ಮ ಜೊತೆಗೇ ಬರುತ್ತವೆ. ಬದಲಾಗುವುದು ಪೈಪು ದಾಟಿ ಹೋಗುವ ಗೋಡೆ.

ಹಡಗು ಏಟು ತಿಂದ ಮೇಲೂ ತೇಲುವುದು ಅದರ ಹೊರಮೈ ಗಟ್ಟಿ ಎಂಬ ಕಾರಣಕ್ಕಷ್ಟೇ ಅಲ್ಲ, ಒಳಗೆ ನೀರು ಬಿಡದ ಬಲ್ಕ್‌ಹೆಡ್ ಎಂಬ ಅಡ್ಡಗೋಡೆಗಳು ಅದನ್ನು ಕೋಣೆ ಕೋಣೆಯಾಗಿ ಕಡಿದಿರುವುದರಿಂದ. ಒಂದೆರಡು ಕೋಣೆ ತುಂಬಿದರೂ ಉಳಿದವು ಹಡಗನ್ನು ಎತ್ತಿ ಹಿಡಿಯುತ್ತವೆ. ಅಂಥ ಬಲ್ಕ್‌ಹೆಡ್‌ಗಳಿಗೆ ನೂರಾರು ಕಡೆ ತೂತು ಹಾಕುವವರಲ್ಲಿ ಮುಖ್ಯವಾಗಿ ಇಬ್ಬರು: ಕೇಬಲ್‌ನವರು ಮತ್ತು ನೀವು. ಕೇಬಲಿನ ಸುತ್ತ ಸೀಲ್ ಮಾಡಿದರೆ ಆ ತೂತು ಮುಚ್ಚಿತು. ಪೈಪಿನ ಸುತ್ತ ಎಷ್ಟೇ ಚೆನ್ನಾಗಿ ವೆಲ್ಡ್ ಮಾಡಿದರೂ ಪೈಪಿನ ಒಳಗೆ ದಾರಿ ತೆರೆದೇ ಇರುತ್ತದೆ. ಒಂದು ಕೋಣೆಯಲ್ಲಿ ಪೈಪು ತುಂಡಾದರೆ ಅಲ್ಲಿಯ ನೀರು ಅದೇ ಪೈಪು ಹಿಡಿದು ಪಕ್ಕದ ಕೋಣೆಗೆ ನಡೆದು ಹೋಗುತ್ತದೆ. ಆದ್ದರಿಂದ ಇಲ್ಲಿ ಒಂದು ಲೈನ್ ಎಳೆಯುವ ಮುನ್ನ ‘ಇದು ಎಷ್ಟು ಹರಿವು ಒಯ್ಯಬೇಕು’ ಎಂಬುದರ ಜೊತೆಗೆ ‘ಇದು ಇಲ್ಲಿ ಮುರಿದರೆ ನೀರು ಎಲ್ಲಿಯವರೆಗೆ ಹೋಗುತ್ತದೆ’ ಎಂದೂ ಕೇಳಿಕೊಳ್ಳಬೇಕು. ರಿಫೈನರಿಯಿಂದ ಬಂದವರಿಗೆ ಈ ಎರಡನೇ ಪ್ರಶ್ನೆ ಅಭ್ಯಾಸವಾಗಲು ಸಮಯ ಹಿಡಿಯುತ್ತದೆ.

ಬೆಂಕಿ ಆರಿಸುವ ನೀರು ಒಯ್ಯುವ ಫೈರ್ ಮೇನ್, ಹಡಗಿನ ತಳದಲ್ಲಿ ಸೇರಿದ ನೀರು ಎಳೆಯುವ ಬಿಲ್ಜ್ ಲೈನ್ ಇಂಥ ದೊಡ್ಡ ಲೈನ್‌ಗಳಲ್ಲಿ ಈ ತಪ್ಪು ಅಷ್ಟಾಗಿ ಆಗುವುದಿಲ್ಲ, ಎಲ್ಲರ ಕಣ್ಣೂ ಅವುಗಳ ಮೇಲಿರುತ್ತದೆ. ತಪ್ಪು ಆಗುವುದು ಯಾರೂ ಲೆಕ್ಕಕ್ಕೆ ಹಿಡಿಯದ ಪೈಪುಗಳಲ್ಲಿ. ಟ್ಯಾಂಕಿನ ಏರ್ ಪೈಪ್, ಟ್ಯಾಂಕಿನ ಮಟ್ಟ ಅಳೆಯುವ ಸೌಂಡಿಂಗ್ ಪೈಪ್, ಡೆಕ್ ಡ್ರೇನ್, ಏರ್ ಕಂಡಿಷನರ್‌ನ ನೀರು ಸುರಿಯುವ ಸಣ್ಣ ಕೊಳವೆ. ಎರಡು ಕೋಣೆಗಳ ಡ್ರೇನ್‌ಗಳನ್ನು ವಾಲ್ವ್ ಇಲ್ಲದೆ ಒಂದೇ ಹೆಡರ್‌ಗೆ ಸೇರಿಸಿದಿರೋ, ಆ ಎರಡು ಕೋಣೆಗಳ ನಡುವಿನ ಬಲ್ಕ್‌ಹೆಡ್ ಕಾಗದದ ಮೇಲೆ ಮಾತ್ರ ಉಳಿಯಿತು. ಅದಕ್ಕೇ ಬಲ್ಕ್‌ಹೆಡ್ ದಾಟುವ ಕಡೆ, ಗೋಡೆಗೆ ಆದಷ್ಟು ಅಂಟಿಕೊಂಡಂತೆ ವಾಲ್ವ್ ಇರಬೇಕು. ಕೋಣೆ ನೀರಿನಲ್ಲಿ ಮುಳುಗಿದ್ದರೂ ಮೇಲಿನ ಡೆಕ್‌ನಿಂದ ಅದನ್ನು ಮುಚ್ಚಲು ಬರಬೇಕು. ಗೋಡೆಯಿಂದ ಒಂದು ಮೀಟರ್ ದೂರ ವಾಲ್ವ್ ಕೂರಿಸಿದರೆ ಆ ಒಂದು ಮೀಟರ್ ಪೈಪಿಗೆ ಕಾವಲೇ ಇಲ್ಲ. ಹಡಗಿನ ಹೊರಮೈಯಲ್ಲಿ, ಅಂದರೆ ಹಲ್‌ನಲ್ಲಿ, ಇರುವ ವಾಲ್ವ್‌ಗೂ ಇದೇ ಮಾತು ಅನ್ವಯ. ಹಲ್‌ಗೂ ಮೊದಲ ವಾಲ್ವ್‌ಗೂ ನಡುವಿನ ತುಂಡು ಗಿಡ್ಡವಾಗಿ, ದಪ್ಪವಾಗಿ ಇರಲಿ. ಹೋಸು, ಬೆಲ್ಲೋಸು ಏನೇ ಇದ್ದರೂ ವಾಲ್ವ್ ಆದ ಮೇಲೆಯೇ ಬರಲಿ.

ಫೈರ್ ಮೇನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಎಕ್ಸೋಸೆಟ್ ಕ್ಷಿಪಣಿ ಬಡಿದಾಗ ಫೈರ್ ಮೇನ್ ತುಂಡಾಯಿತು. ಬೆಂಕಿ ಆರಿಸಲು ನೀರೇ ಇಲ್ಲದಂತಾಗಿ ಕಡೆಗೆ ಹಡಗನ್ನೇ ಬಿಡಬೇಕಾಯಿತು. ಒಂದೇ ಕಡೆ ಓಡುವ ಫೈರ್ ಮೇನ್‌ನ ದೌರ್ಬಲ್ಯ ಇದೇ. ಈಗ ಎಡಬದಿ ಬಲಬದಿ ಎರಡೂ ಕಡೆ, ಸಾಧ್ಯವಾದರೆ ಬೇರೆ ಬೇರೆ ಡೆಕ್ ಮಟ್ಟದಲ್ಲಿ ಎರಡು ಸಾಲು ಎಳೆದು, ಅಡ್ಡ ಜೋಡಿಸಿ ರಿಂಗ್ ಮಾಡುತ್ತಾರೆ. ಪಂಪುಗಳನ್ನು ಹಡಗಿನ ಉದ್ದಕ್ಕೂ ದೂರ ದೂರದ ಕೋಣೆಗಳಲ್ಲಿ ಹಂಚುತ್ತಾರೆ. ಡ್ರಾಯಿಂಗ್‌ನಲ್ಲಿ ರಿಂಗ್ ಕಂಡ ಮಾತ್ರಕ್ಕೆ ಸಮಾಧಾನಪಡಬೇಡಿ. ಯಾವುದಾದರೂ ಒಂದು ಕೋಣೆಯನ್ನು ಪೆನ್ಸಿಲಿನಿಂದ ಗೀಚಿ ಅಳಿಸಿ, ಅದರೊಳಗಿನ ಪೈಪು, ಪಂಪು, ವಾಲ್ವು, ಅದರ ಕಂಟ್ರೋಲ್ ಕೇಬಲ್ ಎಲ್ಲ ಹೋದವು ಎಂದುಕೊಳ್ಳಿ. ಉಳಿದ ಭಾಗವನ್ನು ಬೇರ್ಪಡಿಸುವ ವಾಲ್ವ್‌ಗಳು ಅಳಿಸಿದ ಕೋಣೆಯ ಹೊರಗಿವೆಯೇ? ಎರಡು ಸಾಲುಗಳೂ ಜಾಗ ಸಾಲದೆಂದು ಯಾವುದೋ ಒಂದು ಕಾರಿಡಾರಿನಲ್ಲಿ ಅಕ್ಕಪಕ್ಕ ಬಂದಿವೆಯೇ? ಬಂದಿದ್ದರೆ ಅದು ಹೆಸರಿಗೆ ಮಾತ್ರ ರಿಂಗ್.

ನಿಯಮಗಳ ಮಾತನ್ನು ಇಲ್ಲೇ ಮುಗಿಸುತ್ತೇನೆ. ವಾಣಿಜ್ಯ ಹಡಗುಗಳ ಸೋಲಾಸ್ ಒಪ್ಪಂದ ಯುದ್ಧನೌಕೆಗೆ ಕಡ್ಡಾಯವಲ್ಲ. ಆಯಾ ನೌಕಾಪಡೆಯ ಸ್ಪೆಸಿಫಿಕೇಶನ್, ಕ್ಲಾಸ್ ಸಂಸ್ಥೆಗಳ (ಹಡಗುಗಳನ್ನು ಪರಿಶೀಲಿಸಿ ಪ್ರಮಾಣೀಕರಿಸುವವು) ನೌಕಾ ನಿಯಮಗಳು, ನ್ಯಾಟೋ ಹೊರತಂದ ಎಎನ್‌ಇಪಿ-77 ಎಂಬ ನೇವಲ್ ಶಿಪ್ ಕೋಡ್ ಇವು ಆ ಜಾಗ ತುಂಬುತ್ತವೆ. ನಿಮಗೆ ಬಾಯಿಪಾಠವಾಗಿರುವ ರಿಫೈನರಿ ಪೈಪಿಂಗ್‌ನ ಕೋಡ್ ಬಿ31.3 ಇಲ್ಲಿ ಹಿಂದಿನ ಸಾಲಿಗೆ ಹೋಗುತ್ತದೆ. ಆದರೂ ವಾಣಿಜ್ಯ ಹಡಗುಗಳ ಕೆಲವು ನಿಯಮಗಳು ಎಲ್ಲೆಡೆ ಎದುರಾಗುತ್ತವೆ. ಇಂಧನ ಸೋರಿಕೆ ತಾಗಬಹುದಾದ, 220 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗುವ ಮೈಗೆ ಇನ್ಸುಲೇಶನ್ ಬೇಕು. ಇಂಧನದ ಫ್ಲೇಂಜ್‌ಗೆ ಸ್ಪ್ರೇ ಶೀಲ್ಡ್ ಬೇಕು. ಸ್ವಿಚ್‌ಬೋರ್ಡಿನ ಮೇಲೆ ನೀರಿನದಾಗಲಿ ಎಣ್ಣೆಯದಾಗಲಿ ಫ್ಲೇಂಜ್ ಇಡಬಾರದು. ಕುಡಿಯುವ ನೀರಿನ ಪೈಪು ಇಂಧನದ ಅಥವಾ ಕೊಳಚೆಯ ಟ್ಯಾಂಕಿನೊಳಗೆ ಹಾಯಬಾರದು.

ಟ್ಯಾಂಕಿನ ಏರ್ ಪೈಪಿಗೂ ಒಂದು ಲೆಕ್ಕವಿದೆ. ಪಂಪಿನಿಂದ ತುಂಬುವ ಟ್ಯಾಂಕಾದರೆ ಏರ್ ಪೈಪುಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ತುಂಬುವ ಪೈಪಿನದಕ್ಕಿಂತ ಕಡೇ ಪಕ್ಷ 25% ಹೆಚ್ಚಿರಬೇಕು. ತುಂಬುವ ಪೈಪು 100 ಮಿ.ಮೀ. ಆದರೆ 100ರ ಒಂದು ಏರ್ ಪೈಪು ಸಾಲದು, 80ರ ಎರಡು ಸಾಕು. ವ್ಯಾಸದ ವರ್ಗ ಮಾಡಿ ನೋಡಿ: 10,000ಕ್ಕೆ ಎದುರಾಗಿ 12,800. ಇದನ್ನು ಮರೆತರೆ ಟ್ಯಾಂಕ್ ತುಂಬಿ ಉಕ್ಕುವ ಹೊತ್ತಿಗೆ ಪಂಪಿನ ಒತ್ತಡ ನೇರವಾಗಿ ಟ್ಯಾಂಕಿನ ಚಪ್ಪಟೆ ಗೋಡೆಗಳ ಮೇಲೆ ಬೀಳುತ್ತದೆ. ಒಂದು ಬಾರ್ ಎಂದರೆ ಚದರ ಮೀಟರಿಗೆ ಸುಮಾರು 10 ಟನ್. ಗೋಡೆ ಉಬ್ಬುವುದಕ್ಕೆ ಅಷ್ಟೇ ಸಾಕು.

ಇನ್ನು ಲೋಹ. ರಿಫೈನರಿಯಲ್ಲಿ ನೀವು ಕಾರ್ಬನ್ ಸ್ಟೀಲ್, ಸ್ಟೇನ್‌ಲೆಸ್ ಪ್ರಪಂಚದಲ್ಲಿದ್ದಿರಿ. ಇಲ್ಲಿ ಸಮುದ್ರದ ನೀರಿಗೆ ಹೆಚ್ಚಾಗಿ ಬಳಸುವುದು 90/10 ಕಾಪರ್ ನಿಕಲ್, ಅಂದರೆ 90 ಪಾಲು ತಾಮ್ರ, 10 ಪಾಲು ನಿಕಲ್. ಉಪ್ಪುನೀರಿಗೆ 316 ಸ್ಟೇನ್‌ಲೆಸ್ ಹಾಕೋಣ ಎಂಬ ಸಲಹೆ ಪ್ರತಿ ಯೋಜನೆಯಲ್ಲೂ ಯಾರಾದರೂ ಕೊಡುತ್ತಾರೆ. ಗ್ಯಾಸ್ಕೆಟ್ ಅಡಿಯಲ್ಲಿ, ನೀರು ನಿಲ್ಲುವ ಸಂದುಗಳಲ್ಲಿ ಅದು ತೂತು ಬೀಳುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಲೇ ಇರುತ್ತದೆ. ಕಾಪರ್ ನಿಕಲ್ ತನ್ನ ಮೈಮೇಲೆ ತಾನೇ ತೆಳು ರಕ್ಷಾಪದರ ಬೆಳೆಸಿಕೊಳ್ಳುವ ಲೋಹ. ಅದು ಹಾಳಾಗುವುದು ಮುಖ್ಯವಾಗಿ ಎರಡು ದಾರಿಯಲ್ಲಿ.

ಒಂದು, ವೇಗ. 100 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಪೈಪಿಗೆ ಸೆಕೆಂಡಿಗೆ ಸುಮಾರು 3.5 ಮೀಟರ್ ಮಿತಿ, ಸಣ್ಣವಕ್ಕೆ ಇನ್ನೂ ಕಡಿಮೆ. ಹೊರವ್ಯಾಸ 108, ದಪ್ಪ 2.5 ಮಿ.ಮೀ. ಇರುವ ಪೈಪು ತೆಗೆದುಕೊಳ್ಳಿ. ಒಳವ್ಯಾಸ 103, ಆ ಮಿತಿಯಲ್ಲಿ ಗಂಟೆಗೆ 105 ಘನಮೀಟರ್ ಹರಿಯಬಹುದು. ಡಿಸೈನ್ ಹರಿವು 95 ಇತ್ತು, ಎಲ್ಲ ಸರಿ ಎನ್ನುತ್ತೀರಿ. ಆದರೆ ಒಂದು ಕೂಲರ್ ಮುಚ್ಚಿ ಇನ್ನೊಂದಕ್ಕೇ ಎಲ್ಲ ನೀರು ಬಿಟ್ಟಾಗ ಆ ಕವಲಿನಲ್ಲಿ 130 ಹರಿದರೆ ವೇಗ 4.3 ದಾಟುತ್ತದೆ. ಮೊದಲು ಸವೆಯುವುದು ಬೆಂಡ್ ಆದ ತಕ್ಷಣದ ಜಾಗ, ಅರೆ ತೆರೆದ ಬಟರ್‌ಫ್ಲೈ ವಾಲ್ವ್ ದಾಟಿದ ತಕ್ಷಣದ ಜಾಗ, ವೆಲ್ಡಿನ ರೂಟ್ ಒಳಗೆ ಉಬ್ಬಿದ ಜಾಗ. ಸವೆದ ಗುರುತು ಕುದುರೆಯ ಗೊರಸಿನ ಅಚ್ಚಿನಂತೆ ಕಾಣುತ್ತದೆ. ಆದ್ದರಿಂದ ವೇಗದ ಲೆಕ್ಕವನ್ನು ಎಲ್ಲ ವಾಲ್ವ್ ಜೋಡಣೆಗಳಿಗೂ ಮಾಡಿ, ಬೇಕಾದ ಕಡೆ ಆರಿಫೈಸ್ (ಸಣ್ಣ ತೂತಿನ ತಟ್ಟೆ) ಹಾಕಿ ಹರಿವು ಕಟ್ಟಿಹಾಕಿ.

ಎರಡು, ಕೊಳಕು ನೀರು. ರಕ್ಷಾಪದರ ಪೂರ್ತಿ ಗಟ್ಟಿಯಾಗಲು 15–16 ಡಿಗ್ರಿಯ ನೀರಿನಲ್ಲಿ ಎರಡು ಮೂರು ತಿಂಗಳು ಬೇಕು, ಬೆಚ್ಚನೆಯ ನೀರಿನಲ್ಲಿ ಬೇಗ ಆಗುತ್ತದೆ. ಯಾರ್ಡಿನ ಧಕ್ಕೆಯಲ್ಲಿ ನಿಂತ ನೀರಿನಲ್ಲಿ ಕೊಳೆತ ವಸ್ತು, ಸಲ್ಫೈಡ್ ಇರುತ್ತದೆ. ಹೊಸ ಪೈಪಿಗೆ ಮೊದಲ ಸಲವೇ ಆ ನೀರು ತುಂಬಿಸಿ ವಾರಗಟ್ಟಲೆ ಹಾಗೇ ಬಿಟ್ಟರೆ ಪದರ ಕಪ್ಪಗೆ, ಬಿಡಿಬಿಡಿಯಾಗಿ ಬೆಳೆದು ಅದರಡಿ ಗುಳಿ ಬೀಳುತ್ತದೆ. ಹಡಗು ಸಮುದ್ರಕ್ಕೇ ಇಳಿದಿಲ್ಲ, ಪೈಪು ಸೋರುತ್ತಿದೆ ಎಂಬ ದೂರುಗಳಲ್ಲಿ ಹಲವಕ್ಕೆ ಮೂಲ ಇದು. ಪರಿಹಾರ ಕಷ್ಟದ್ದೇನಲ್ಲ: ಒತ್ತಡ ಪರೀಕ್ಷೆಯನ್ನು ಸಿಹಿನೀರಿನಲ್ಲಿ ಮಾಡಿ, ಮುಗಿದ ಮೇಲೆ ಪೂರ್ತಿ ಖಾಲಿ ಮಾಡಿ ಒಣಗಿಸಿ, ಚಾಲೂ ಮಾಡಿದ ಮೇಲೆ ನೀರು ನಿಲ್ಲಲು ಬಿಡಬೇಡಿ. ಖಾಲಿ ಆಗಬೇಕಾದರೆ ತಗ್ಗಿನಲ್ಲಿ ಡ್ರೇನ್ ಪ್ಲಗ್ ಇರಬೇಕು, ಅದನ್ನು ಮಾಡೆಲ್‌ನಲ್ಲಿ ಇಡುವವರು ನೀವೇ.

ಕಾಪರ್ ನಿಕಲ್ ಪೈಪು ಸ್ಟೀಲಿಗೆ ಸೇರುವ ಕಡೆ ಸ್ಟೀಲು ತಿಂದುಹೋಗುತ್ತದೆ. ಇನ್ಸುಲೇಟಿಂಗ್ ಫ್ಲೇಂಜ್ ಹಾಕಿದೆವಲ್ಲ ಎನ್ನುತ್ತಾರೆ. ಬೋಲ್ಟಿನ ಸ್ಲೀವ್ ಒಂದೇ ಒಂದು ಹರಿದಿದ್ದರೂ ಅದು ಕೆಲಸಕ್ಕೆ ಬಾರದು. ಇನ್ನೂ ಸಾಮಾನ್ಯ ತಪ್ಪೆಂದರೆ ಫ್ಲೇಂಜಿನ ಎರಡೂ ಬದಿ ಪೈಪನ್ನು ಬರಿಯ ಲೋಹದ ಕ್ಲಾಂಪಿನಿಂದ ಹಲ್‌ಗೇ ಹಿಡಿದಿರುವುದು; ವಿದ್ಯುತ್ತು ಫ್ಲೇಂಜ್ ಬಿಟ್ಟು ಹಲ್ ಸುತ್ತಿ ಬರುತ್ತದೆ. ಅದಕ್ಕೇ ಹಲವರು ನಡುವೆ ದಪ್ಪ ಗೋಡೆಯ ಸ್ಟೀಲ್ ತುಂಡೊಂದನ್ನು ಬಲಿಗೆಂದೇ ಇಟ್ಟು, ಸುಲಭವಾಗಿ ಬಿಚ್ಚಿ ಬದಲಿಸಲು ಬರುವ ಜಾಗದಲ್ಲಿ ಅದನ್ನು ಕೂರಿಸುತ್ತಾರೆ.

ಜಾಗದ ಕಷ್ಟ ನೀವು ಊಹಿಸಿದ್ದಕ್ಕಿಂತ ಹೆಚ್ಚು. ಮೊದಲು ಎಂಜಿನ್ನಿನ ಎಕ್ಸಾಸ್ಟ್ ಮತ್ತು ದೊಡ್ಡ ವೆಂಟಿಲೇಶನ್ ಡಕ್ಟ್, ಆಮೇಲೆ ಇಳಿಜಾರು ಬೇಕಾದ ಡ್ರೇನ್, ಆಮೇಲೆ ದೊಡ್ಡ ಪೈಪು, ಕೇಬಲ್ ಟ್ರೇ, ಕೊನೆಗೆ ಸಣ್ಣ ಪೈಪು. ಈ ಕ್ರಮ ತಪ್ಪಿಸಿ ಸಣ್ಣ ಪೈಪುಗಳನ್ನು ಮೊದಲು ಎಳೆದು ಮುಗಿಸಿದವರು ಎಲ್ಲವನ್ನೂ ಇನ್ನೊಮ್ಮೆ ಎಳೆಯುತ್ತಾರೆ. ಇಳಿಜಾರಿನ ವಿಷಯದಲ್ಲಿ ನೆಲದ ಮೇಲಿನ ಅಭ್ಯಾಸ ಕೈಕೊಡುತ್ತದೆ. 1:100 ಇಳಿಜಾರು ಕೊಟ್ಟು ಮುಗಿಯಿತು ಎಂದುಕೊಳ್ಳುತ್ತೀರಿ. 100 ಮೀಟರ್ ಉದ್ದದ ಹಡಗು ಒಂದು ಮೀಟರ್ ಟ್ರಿಮ್ ಆದರೆ, ಅಂದರೆ ಒಂದು ತುದಿ ಇನ್ನೊಂದಕ್ಕಿಂತ ಅಷ್ಟು ತಗ್ಗಿದರೆ, ನಿಮ್ಮ ಇಳಿಜಾರು ಸೊನ್ನೆ. ಟ್ರಿಮ್ ಯಾವ ಕಡೆಗೆ, ಎಷ್ಟು ಎಂದು ನೇವಲ್ ಆರ್ಕಿಟೆಕ್ಟ್‌ರನ್ನು ಕೇಳಿ, ಆ ಸ್ಥಿತಿಯಲ್ಲೂ ನೀರು ಇಳಿಯುವಂತೆ ನೋಡಿ.

ತೂಕದ ಲೆಕ್ಕವೂ ನಿಮ್ಮದೇ. ಮೇಲೆ ಹೇಳಿದ 108ರ ಪೈಪು ಮೀಟರಿಗೆ 7.4 ಕೆ.ಜಿ., ಒಳಗಿನ ನೀರು 8.3 ಕೆ.ಜಿ. ನೀರೇ ಪೈಪಿಗಿಂತ ಭಾರ! ಮೇಲಿನ ಡೆಕ್‌ಗಳಲ್ಲಿ ಒಂದು ಸೈಜ್ ದೊಡ್ಡ ಪೈಪು ಹಾಕಿದರೆ ಎರಡೂ ಏರುತ್ತವೆ, ಹಡಗಿನ ಸ್ಥಿರತೆ ಇಳಿಯುತ್ತದೆ. ‘ಸುರಕ್ಷತೆಗೆ ಒಂದು ಸೈಜ್ ಹೆಚ್ಚಿರಲಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಸಾಫ್ಟ್‌ವೇರ್ ಬಗ್ಗೆ ಹೆದರಬೇಡಿ. ಅವೇವಾ ಮರೀನ್, ಕ್ಯಾಡ್‌ಮ್ಯಾಟಿಕ್, ಫೋರಾನ್, ಯಾವುದಾದರೂ ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ. ದಿಕ್ಕು ಹತ್ತುವುದೇ ನಿಧಾನ. ಇಲ್ಲಿ ಉತ್ತರ ದಕ್ಷಿಣಗಳಿಲ್ಲ. ಫ್ರೇಮ್ ನಂಬರ್ (ಹಡಗಿನ ಅಡ್ಡ ಪಕ್ಕೆಲುಬುಗಳ ಎಣಿಕೆ), ಸೆಂಟರ್‌ಲೈನ್‌ನಿಂದ ದೂರ, ಬೇಸ್‌ಲೈನ್‌ನಿಂದ ಎತ್ತರ. ಸಾಲದ್ದಕ್ಕೆ ಬ್ಲಾಕ್‌ಗಳನ್ನು, ಅಂದರೆ ಆಮೇಲೆ ಜೋಡಿಸುವ ಹಡಗಿನ ದೊಡ್ಡ ತುಂಡುಗಳನ್ನು, ಹಲವು ಸಲ ತಲೆಕೆಳಗಾಗಿ ಕಟ್ಟುತ್ತಾರೆ, ಸೂರಿನ ಪೈಪುಗಳನ್ನು ನೆಲದ ಮೇಲಿಟ್ಟಂತೆ ಆರಾಮವಾಗಿ ಕೂರಿಸಲಿ ಎಂದು. ಮೊದಲ ಸಲ ಅಂಥ ಬ್ಲಾಕಿನೊಳಗೆ ಡ್ರಾಯಿಂಗ್ ಹಿಡಿದು ನಿಂತವರು ಎಡಬದಿಯ ಪೈಪನ್ನು ಬಲಬದಿಯಲ್ಲಿ ಹುಡುಕುವುದು ಮಾಮೂಲು.

ಸ್ಪೂಲ್ (ವರ್ಕ್‌ಶಾಪಿನಲ್ಲಿ ಮೊದಲೇ ಮಾಡಿ ತರುವ ಪೈಪಿನ ತುಂಡು) ಬಿಡಿಸುವಾಗ ಆ ವರ್ಕ್‌ಶಾಪಿನ ಯಂತ್ರ ಕಣ್ಣಮುಂದಿರಲಿ. ಎಲ್ಬೋ ಬೆಸೆಯುವ ಬದಲು ಪೈಪನ್ನೇ ಬಗ್ಗಿಸುವುದು ಇಲ್ಲಿ ರೂಢಿ. ಹಾಗೆ ಬಗ್ಗಿಸಲು ಕ್ಲಾಂಪ್ ಹಿಡಿಯುವಷ್ಟು ನೇರ ಭಾಗ ಎರಡು ಬೆಂಡ್‌ಗಳ ನಡುವೆ ಬೇಕು: ವ್ಯಾಸದ ಎರಡು ಮೂರು ಪಟ್ಟು, ಅಂದರೆ 108ರ ಪೈಪಿಗೆ 200ರಿಂದ 300 ಮಿ.ಮೀ. ಖಚಿತ ಅಂಕಿಯನ್ನು ಆ ಯಂತ್ರದ ಡೈ ಪಟ್ಟಿಯಿಂದಲೇ ತೆಗೆದುಕೊಳ್ಳಿ. ಇದನ್ನು ನೋಡದೆ ಬಿಡಿಸಿದ ಸ್ಪೂಲಿಗೆ ನಡುವೆ ಒಂದು ವೆಲ್ಡ್ ಹೆಚ್ಚಾಗುತ್ತದೆ, ಅದರ ಜೊತೆ ಒಂದು ರೇಡಿಯೋಗ್ರಾಫ್, ಒಂದು ದಿನದ ತಡ. ಗ್ಯಾಲ್ವನೈಸ್ ಆಗಬೇಕಾದ ಸ್ಪೂಲು ತೊಟ್ಟಿಯಲ್ಲಿ ಹಿಡಿಸಬೇಕು, ಹ್ಯಾಚಿನಲ್ಲಿ ತೂರಬೇಕು, ಇಬ್ಬರು ಫಿಟ್ಟರ್‌ಗಳು ಎತ್ತುವಂತಿರಬೇಕು. ಎರಡು ಬ್ಲಾಕ್ ಸೇರುವ ಕಡೆ ಲೆಕ್ಕದ ಅಳತೆಗೆ ಸ್ಪೂಲ್ ಮಾಡಿಸಬೇಡಿ. ಬ್ಲಾಕ್ ಸೇರಿದ ಮೇಲೆ ನಿಜವಾದ ಅಂತರ ಅಳೆದು ಮಾಡುವ ಕ್ಲೋಸಿಂಗ್ ಸ್ಪೂಲ್ ಇಡಿ, ಅಥವಾ ಒಂದು ತುದಿಯಲ್ಲಿ 50 ಮಿ.ಮೀ. ಉದ್ದ ಹೆಚ್ಚು ಬಿಟ್ಟು ಫ್ಲೇಂಜನ್ನು ಟ್ಯಾಕ್ ಮಾತ್ರ ಮಾಡಿ ಕಳಿಸಿ. ಹೊಂದದ ಫ್ಲೇಂಜನ್ನು ಚೈನ್ ಬ್ಲಾಕ್ ಹಾಕಿ ಎಳೆದು ಬೋಲ್ಟ್ ಬಿಗಿಯುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಆ ಬಲ ಪಂಪಿನ ನಾಜಲ್‌ಗೆ ಹೋಗಿ ಕೂರುತ್ತದೆ.

ನಿಮ್ಮ ಸ್ಟ್ರೆಸ್ ಅನಾಲಿಸಿಸ್ ಅನುಭವ ಇಲ್ಲಿ ಚಿನ್ನದಂಥದು. ಆದರೆ ಲೋಡುಗಳ ಪಟ್ಟಿ ಬೇರೆ. ಉಷ್ಣದ ಹಿಗ್ಗುವಿಕೆಯ ಜೊತೆಗೆ ಅಲೆಯ ಮೇಲೆ ಹಲ್ ಬಿಲ್ಲಿನಂತೆ ಬಾಗುವುದು, ರಬ್ಬರ್ ಮೌಂಟ್ ಮೇಲೆ ಕೂತ ಎಂಜಿನ್ ಅಲ್ಲಾಡುವುದು, ಎಲ್ಲಕ್ಕಿಂತ ಮೇಲಾಗಿ ನೀರಡಿಯ ಸ್ಫೋಟದ ಹೊಡೆತ. ಹಡಗಿನ ಹತ್ತಿರ ಮೈನ್ ಸಿಡಿದರೆ ಹಲ್ ತೂತಾಗದಿದ್ದರೂ ಇಡೀ ಚೌಕಟ್ಟು ಕ್ಷಣದಲ್ಲಿ ಮೇಲಕ್ಕೆ ಒದೆಯುತ್ತದೆ. ಎರಕದ ಕಬ್ಬಿಣದ ವಾಲ್ವ್‌ಗಳು ಮಡಕೆಯಂತೆ ಒಡೆಯುವುದು ಆಗಲೇ. ಅದಕ್ಕೇ ಅವಕ್ಕೆ ಇಲ್ಲಿ ಪ್ರವೇಶವಿಲ್ಲ, ಬ್ರಾಂಜ್ ಅಥವಾ ಸ್ಟೀಲ್ ಬೇಕು. ಮೌಂಟ್ ಮೇಲಿನ ಪಂಪು ಆ ಹೊಡೆತಕ್ಕೆ ಹತ್ತಾರು ಮಿಲಿಮೀಟರ್ ಜಿಗಿಯಬಹುದು. ಹೋಸಿನಲ್ಲಿ ಅಷ್ಟು ಸಡಿಲ ಇರಬೇಕು, ಪಂಪು ಜಿಗಿಯುವ ಜಾಗದೊಳಗೆ ನಿಮ್ಮ ಪೈಪಾಗಲಿ ಕ್ಲಾಂಪಾಗಲಿ ತಲೆ ಹಾಕಿರಬಾರದು. ಹೋಸ್ ಮುಗಿದ ತಕ್ಷಣ ಗಟ್ಟಿ ಸಪೋರ್ಟ್ ಕೊಡಿ. ಒಂದು ಕ್ಲಾಂಪ್ ಡೆಕ್‌ಗೆ, ಪಕ್ಕದ್ದು ಬಲ್ಕ್‌ಹೆಡ್‌ಗೆ, ನಡುವೆ ಗಿಡ್ಡ ನೇರ ಪೈಪು ಎಂದಾದರೆ ಎರಡೂ ಬೇರೆ ಬೇರೆಯಾಗಿ ಚಲಿಸಿ ಪೈಪನ್ನು ಹರಿಯುತ್ತವೆ. ನಡುವೆ ಒಂದು ಬೆಂಡ್ ತನ್ನಿ.

ಸಪೋರ್ಟ್ ಅಂತರವನ್ನು ತೂಕಕ್ಕೆ ಮಾತ್ರ ನೋಡಿದರೆ ಸಾಲದು. ಐದು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ 180 ಸುತ್ತು ತಿರುಗಿದರೆ ಸೆಕೆಂಡಿಗೆ 15 ಸಲ ಹಲ್ ಮೇಲೆ ಬಡಿಯುತ್ತದೆ. ನಿಮ್ಮ ಪೈಪಿನ ಸ್ವಂತ ಕಂಪನ 15 ಹರ್ಟ್ಸ್ ಹತ್ತಿರವಿದ್ದರೆ ಆ ವೇಗದಲ್ಲಿ ಅದು ಜೋಲಿಯಂತೆ ಆಡಿ, ಕೆಲವೇ ತಿಂಗಳಲ್ಲಿ ಸಣ್ಣ ಗೇಜ್ ಕವಲಿನ ಬುಡದ ವೆಲ್ಡ್ ಬಿರುಕು ಬಿಡುತ್ತದೆ. ಸದ್ದಿನ ಕಥೆಯೂ ಇಂಥದೇ. ಶತ್ರುವಿನ ಸೋನಾರ್‌ಗೆ ಸಿಗಬಾರದೆಂದು ಪಂಪಿಗೆ ರಬ್ಬರ್ ಮೌಂಟ್, ಹೋಸ್, ರಬ್ಬರ್ ಇರುವ ಕ್ಲಾಂಪ್ ಎಲ್ಲ ಹಾಕಿರುತ್ತಾರೆ. ಕೊನೆಗೆ ಯಾರೋ ಗೇಜಿನ ಕೊಳವೆಯೊಂದನ್ನು ಪಂಪಿನಿಂದ ಫೌಂಡೇಶನ್‌ಗೆ ಬಿಗಿಯಾಗಿ ಕಟ್ಟಿರುತ್ತಾರೆ. ಆ ಒಂದು ಕೊಳವೆ ಸಾಕು, ಸದ್ದು ಹಲ್‌ಗೆ ಇಳಿಯಲು.

ಜಂಟಿಯ ಗುಣಮಟ್ಟಕ್ಕೆ ಇಷ್ಟೇಕೆ ಕಾಗದಪತ್ರ ಎಂದು ಬೇಸರವಾದಾಗ ಥ್ರೆಷರ್ ನೆನಪಿಸಿಕೊಳ್ಳಿ. 1963ರ ಏಪ್ರಿಲ್ 10ರಂದು ಅಮೆರಿಕದ ಈ ಜಲಾಂತರ್ಗಾಮಿ ಆಳಕ್ಕಿಳಿಯುವ ಪರೀಕ್ಷೆಯಲ್ಲಿ 129 ಜನರೊಂದಿಗೆ ಮುಳುಗಿತು. ತನಿಖೆ ಕಂಡ ಸಂಭವನೀಯ ಕಾರಣ, ಎಂಜಿನ್ ಕೋಣೆಯ ಸಮುದ್ರನೀರಿನ ಪೈಪಿನ ಬೆಳ್ಳಿ ಬ್ರೇಜಿಂಗ್ ಜಂಟಿ ಬಿಟ್ಟುಕೊಂಡದ್ದು. ಅಂಥ ಸುಮಾರು 3,000 ಜಂಟಿಗಳಲ್ಲಿ 145ನ್ನು ಮಾತ್ರ ಮೊದಲು ಅಲ್ಟ್ರಾಸಾನಿಕ್‌ನಿಂದ ನೋಡಿದ್ದರು, ಅವುಗಳಲ್ಲಿ ಸುಮಾರು 14% ಕಳಪೆ ಎಂದು ಕಂಡಿತ್ತು. ಉಳಿದವನ್ನು ನೋಡದೆ ಹಡಗು ಹೊರಟಿತು. ಮೇಲೇಳಲು ಹೈ ಪ್ರೆಶರ್ ಗಾಳಿಯಿಂದ ಟ್ಯಾಂಕಿನ ನೀರು ದೂಡಬೇಕಿತ್ತು. ಅದೇ ಮಾದರಿಯ ಇನ್ನೊಂದು ಹಡಗಿನಲ್ಲಿ ಪರೀಕ್ಷಿಸಿದಾಗ, ಗಾಳಿಯ ತೇವ ಹೆಪ್ಪುಗಟ್ಟಿ ಸ್ಟ್ರೈನರ್‌ಗಳು ಮಂಜಿನಿಂದ ಮುಚ್ಚಿಕೊಂಡದ್ದು ಕಂಡಿತು. ಜಂಟಿ, ಸ್ಟ್ರೈನರ್, ಗಾಳಿಯ ತೇವ, ಮೂರೂ ಪೈಪಿಂಗ್‌ನವರ ವಿಷಯ. ಆ ವರ್ಷದ ಕೊನೆಗೇ ಸಬ್‌ಸೇಫ್ ಎಂಬ ಗುಣಮಟ್ಟದ ಪದ್ಧತಿ ಶುರುವಾಯಿತು. ಪೈಪಿನ ಹೀಟ್ ನಂಬರ್ (ಲೋಹ ಕರಗಿಸಿದ ತಂಡದ ಸಂಖ್ಯೆ), ವೆಲ್ಡರ್ ಗುರುತು, ಪರೀಕ್ಷೆಯ ವರದಿ ಒಂದಕ್ಕೊಂದು ತಾಳೆಯಾಗದಿದ್ದರೆ ಒಳ್ಳೆಯ ಜಂಟಿಯನ್ನೂ ಕತ್ತರಿಸಿ ಎಸೆಯುತ್ತಾರೆ.

ಪರೀಕ್ಷೆಯ ಹಂತದಲ್ಲಿ ಹೈಡ್ರೋ ಟೆಸ್ಟ್ ನಿಮಗೆ ಗೊತ್ತಿರುವುದೇ: ಡಿಸೈನ್ ಒತ್ತಡದ ಒಂದೂವರೆ ಪಟ್ಟು, ಗಾಳಿ ಪೂರ್ತಿ ಹೊರಹಾಕಿ, ಬಣ್ಣ ಮತ್ತು ಇನ್ಸುಲೇಶನ್‌ಗೆ ಮುಂಚೆ. ಹೈಡ್ರಾಲಿಕ್ ಫ್ಲಶಿಂಗ್ ಮಾತ್ರ ಹೊಸಬರನ್ನು ಸುಸ್ತು ಮಾಡುತ್ತದೆ. ಕೊಳೆ ಏಳಬೇಕಾದರೆ ಹರಿವು ಪ್ರಕ್ಷುಬ್ಧವಾಗಿರಬೇಕು, ರೆನಾಲ್ಡ್ಸ್ ಸಂಖ್ಯೆ 4,000ಕ್ಕಿಂತ ಮೇಲೆ. ಒಳವ್ಯಾಸ 20 ಮಿ.ಮೀ. ಪೈಪಿನಲ್ಲಿ ವಿಜಿ 46 ಎಣ್ಣೆ 40 ಡಿಗ್ರಿಯಲ್ಲಿದ್ದರೆ (ಆಗ ಅದರ ಸ್ನಿಗ್ಧತೆ 46 ಸೆಂಟಿಸ್ಟೋಕ್) ಅದಕ್ಕೆ ಸೆಕೆಂಡಿಗೆ 9.2 ಮೀಟರ್ ವೇಗ, ನಿಮಿಷಕ್ಕೆ ಸುಮಾರು 173 ಲೀಟರ್ ಬೇಕು. ಎಣ್ಣೆಯನ್ನು 60 ಡಿಗ್ರಿಗೆ ಬಿಸಿ ಮಾಡಿದರೆ ಸ್ನಿಗ್ಧತೆ 20ರ ಹತ್ತಿರ ಇಳಿದು 4 ಮೀಟರ್ ವೇಗ, 75 ಲೀಟರ್ ಸಾಕು. ಹಡಗಿನ ಸ್ವಂತ ಪಂಪಿನಿಂದ ತಣ್ಣನೆಯ ಎಣ್ಣೆ ಸುತ್ತಿಸಿ, ಸ್ಯಾಂಪಲ್ ಶುದ್ಧ ಬಂತು ಎಂದು ಸಹಿ ಹಾಕಿಸಿಕೊಂಡ ಲೈನುಗಳು ಟ್ರಯಲ್‌ನಲ್ಲಿ ಸರ್ವೊ ವಾಲ್ವ್ ಹಿಡಿದುಕೊಳ್ಳುವುದಕ್ಕೆ ಇದೇ ಕಾರಣ; ಕೊಳೆ ಎದ್ದೇ ಇರಲಿಲ್ಲ. ಫ್ಲಶ್ ಮಾಡುವಾಗ ಸರ್ವೊ ವಾಲ್ವ್‌ಗಳನ್ನು ಬಿಚ್ಚಿ ಬೈಪಾಸ್ ಪ್ಲೇಟ್ ಹಾಕಿ, ಬೆಂಡ್‌ಗಳನ್ನು ಮರದ ಸುತ್ತಿಗೆಯಿಂದ ತಟ್ಟುತ್ತಿರಿ.

ಹೈ ಪ್ರೆಶರ್ ಗಾಳಿ ಮತ್ತು ಆಮ್ಲಜನಕದ ಲೈನಿನಲ್ಲಿ ಎಣ್ಣೆಯ ಒಂದು ಹನಿಯೂ ಇರಕೂಡದು, ಥಟ್ಟನೆ ತೆರೆಯುವ ಬಾಲ್ ವಾಲ್ವೂ ಬೇಡ. ಒಮ್ಮೆಲೇ ನುಗ್ಗಿದ ಗಾಳಿ ಮುಚ್ಚಿದ ತುದಿಯಲ್ಲಿ ಅದುಮಿ ಕಾದು, ಡೀಸೆಲ್ ಎಂಜಿನ್ನಿನಲ್ಲಿ ಆದಂತೆ ಎಣ್ಣೆ ಹೊತ್ತಿಕೊಳ್ಳುತ್ತದೆ.

ಮೊದಲ ಮೂರು ತಿಂಗಳು ಏನು ಮಾಡಬೇಕು ಎಂದರೆ, ಒಂದೇ ಒಂದು ಸಿಸ್ಟಂ ಹಿಡಿಯಿರಿ. ಫೈರ್ ಮೇನ್ ಆದರೆ ಒಳ್ಳೆಯದು, ಅದು ಎಲ್ಲ ಕೋಣೆಗೂ ಹೋಗುತ್ತದೆ. ಸೀ ಚೆಸ್ಟ್‌ನಿಂದ (ಸಮುದ್ರದ ನೀರು ಒಳಗೆ ಬರುವ ಪೆಟ್ಟಿಗೆ) ಕೊನೆಯ ಹೈಡ್ರಂಟ್‌ವರೆಗೆ ಡ್ರಾಯಿಂಗ್ ಹಿಡಿದು ನಡೆಯಿರಿ. ಪ್ರತಿ ಬಲ್ಕ್‌ಹೆಡ್‌ನಲ್ಲಿ ಫ್ರೇಮ್ ನಂಬರ್, ವಾಲ್ವ್ ನಂಬರ್ ಬರೆದುಕೊಂಡು, ಡ್ಯಾಮೇಜ್ ಕಂಟ್ರೋಲ್ ಪ್ಲಾನ್ ಜೊತೆ ತಾಳೆ ನೋಡಿ. ವಾಲ್ವ್‌ಗಳ ಹತ್ತಿರ ನಿಂತಾಗ ದಪ್ಪ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ ಚಕ್ರಕ್ಕೆ ಕೈ ಚಾಚಿ. ಹೊಗೆ ತುಂಬಿದ ಕೋಣೆಯಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬರುವ ನಾವಿಕನ ಕೈಗೆ ಅದು ಹಾಗೆಯೇ ಸಿಗಬೇಕು. ನಿಮ್ಮ ಕೈ ಮಧ್ಯದಲ್ಲಿ ಯಾವುದೋ ಡಕ್ಟಿಗೆ ತಗುಲಿದರೆ ಮಾಡೆಲ್‌ನಲ್ಲಿ ಅದನ್ನು ಗುರುತು ಮಾಡಿ. ಡಕ್ಟ್ ಇನ್ನೂ ಇನ್ಸುಲೇಟ್ ಆಗಿರಲಿಕ್ಕಿಲ್ಲ, 50 ಮಿ.ಮೀ. ಹೊದಿಕೆ ಬಂದ ಮೇಲೆ ಚಕ್ರ ತಿರುಗುವುದೇ ಇಲ್ಲ.